ಟಿ.ವಿ. ನೋಡುವುದೂ ಒಂದು ಪಾಠ

 

ಈ ಸಲದ ಗೋಡೆ ಪತ್ರಿಕೆಗೆ ಟಿ.ವಿ. ಬಗ್ಗೆ ಬರೆಯಲು ನಮ್ಮ ಗುರುಗಳು ನನಗೆ ಹೇಳಿದರು. ‘ಟಿ.ವಿ.ಯಿಂದ ಆಗುವ ಕೆಡುಕುಗಳು’ ಎಂದು ಹತ್ತು ಅಂಶ ಬರೆದುಕೊಂಡು ಹೋದೆ. ಕಣ್ಣು ಹಾಳು, ಓದು ಹಾಳು, ನಿದ್ದೆ ಹಾಳು. ಗುರುಗಳು ಓದಿ ನಕ್ಕು, “ಇದು ಎಲ್ಲಾರಿಗೂ ಗೊತ್ತೈತಿ. ನಿಮ್ಮ ಮನ್ಯಾಗ ಟಿ.ವಿ. ಹೆಂಗ ನೋಡ್ತೀರಿ ಅನ್ನೋದನ್ನ ಒಂದು ವಾರ ಗಮನಿಸಿ ಬರಿ” ಎಂದರು. ಅದಕ್ಕೇ ಒಂದು ವಾರ ಟಿ.ವಿ. ನೋಡುವವರನ್ನೇ ನೋಡುತ್ತಾ ಕುಳಿತೆ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಾನು ಕಂಡದ್ದು

ನಮ್ಮ ಮನೆಯಲ್ಲಿ ಐದು ಜನ. ಸಂಜೆ ಹೊಲದಿಂದ ಬಂದು, ದನಕ್ಕೆ ಮೇವು ಹಾಕಿ, ಎಲ್ಲರೂ ಪಡಸಾಲೆಯಲ್ಲಿ ಕೂಡುತ್ತೇವೆ. ಅವ್ವ ಶೇಂಗಾ ಸುಲಿಯುತ್ತಾ ಧಾರಾವಾಹಿ ನೋಡುತ್ತಾಳೆ. ಅಪ್ಪ ಸುದ್ದಿ ನೋಡುತ್ತಾ ನೋಡುತ್ತಾ ಗೋಡೆಗೆ ಒರಗಿ ನಿದ್ದೆ ಹೋಗುತ್ತಾನೆ. ತಮ್ಮ ಮೂಲೆಯಲ್ಲಿ ಮೊಬೈಲು ಹಿಡಿದು ಬೇರೆಯೇ ಏನೋ ನೋಡುತ್ತಾನೆ. ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಕಣ್ಣು ಮಾತ್ರ ಟಿ.ವಿ. ಕಡೆ ಇಟ್ಟಿರುತ್ತೇನೆ.

ಇನ್ನು ಉಳಿದದ್ದು ಅಜ್ಜಿ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಟಿ.ವಿ.ಯಲ್ಲಿ ಅವಳಿಗೆ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೇ ಕೇಳುತ್ತಿರುತ್ತಾಳೆ. “ಈಗ ಏನಾತು? ಯಾರು ಬಂದ್ರು? ಆಕಿ ಯಾಕ ಅಳಾಕತ್ತಾಳ?”

ಮೊದಲ ದಿನ ನಾನು ಎಣಿಸಿದೆ. ಒಂದು ಧಾರಾವಾಹಿ ಮುಗಿಯುವುದರೊಳಗೆ ಅಜ್ಜಿ 11 ಸಲ ಕೇಳಿದಳು. ಉತ್ತರ ಸಿಕ್ಕಿದ್ದು 2 ಸಲ. “ಸುಮ್ನಿರಜ್ಜಿ, ಕೇಳ್ಸವಲ್ದು” ಎಂದು ಹೇಳಿಸಿಕೊಂಡಿದ್ದು 4 ಸಲ. ಆ ನಾಲ್ಕರಲ್ಲಿ ಮೂರು ಸಲ ಹೇಳಿದವಳು ನಾನೇ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಗಮನಿಸಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಹಿಂದೆ ಹೇಗಿತ್ತು?

ನಮ್ಮ ದೇಶದಲ್ಲಿ ಟಿ.ವಿ. ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಹಳ್ಳಿಗಳಿಗೆ ಅದನ್ನು ತೋರಿಸಲು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹೆಸರು ‘ಸೈಟ್’. ಅಮೆರಿಕದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿದ್ದವು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ (ಈಗಿನ ಕಲಬುರಗಿ), ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಹರಪನಹಳ್ಳಿ ತಾಲೂಕು ಇರಲಿಲ್ಲ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಊರಿಗೆ ಒಂದೇ ಟಿ.ವಿ., ಎಲ್ಲರೂ ಒಟ್ಟಿಗೆ ಕೂತು ನೋಡಬೇಕು.

ನಮ್ಮೂರಿನ ಕಥೆಯನ್ನು ಅಜ್ಜಿ ಹೇಳಿದಳು. ‘ರಾಮಾಯಣ’ ಧಾರಾವಾಹಿ 1987ರ ಜನವರಿಯಿಂದ 1988ರ ಜುಲೈವರೆಗೆ, ಆಮೇಲೆ ‘ಮಹಾಭಾರತ’ 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ, ಭಾನುವಾರ ಬೆಳಿಗ್ಗೆ ಬರುತ್ತಿದ್ದವು. ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಬ್ಬರ ಮನೆಯಲ್ಲಿ. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬ ಹುಡುಗ ಮಾಳಿಗೆ ಹತ್ತಿ ತಿರುಗಿಸುತ್ತಾ “ಬಂತಾ?” ಎಂದು ಕೂಗುವುದು, ಕೆಳಗಿನವರು “ಬಂತು ಬಂತು, ಹೋತು!” ಎನ್ನುವುದು. ಚಪ್ಪಲಿಗಳು ಬೀದಿವರೆಗೆ.

ಆದರೆ ಧಾರಾವಾಹಿಯ ಮಾತು ಪೂರ್ತಿ ಹಿಂದಿ! ಓಣಿಯಲ್ಲಿ ಹಿಂದಿ ಬರುವವರು ಯಾರೂ ಇರಲಿಲ್ಲ. “ಮತ್ತೆ ಹೆಂಗ ತಿಳೀತಿತ್ತಜ್ಜಿ?” ಎಂದೆ. “ಕಥಿ ನನಗ ಗೊತ್ತಿತ್ತಲ್ಲ! ನಮ್ಮಪ್ಪ ಬಯಲಾಟದಾಗ ಪಾರ್ಟು ಮಾಡ್ತಿದ್ದ. ಟಿ.ವಿ.ಯವ್ರು ಹಿಂದಿ ಮಾತಾಡೋರು, ನಾನು ಕನ್ನಡದಾಗ ಹೇಳ್ತಿದ್ದೆ. ನಿಮ್ಮಪ್ಪ ಸಣ್ಣಾವ, ನನ್ನ ತೊಡೀ ಮ್ಯಾಲೆ ಕೂತು ‘ಈಗ ಏನಾತವ್ವ?’ ಅಂತ ಕೇಳಾವ” ಎಂದಳು.

ಈ ಮಾತು ಕೇಳಿ ನನಗೆ ಒಂದು ತರಹ ಆಯಿತು. ಅಂದು ಇಡೀ ಓಣಿಗೆ ಕಥೆ ಬಿಡಿಸಿ ಹೇಳಿದವಳು ಅಜ್ಜಿ. 2020ರಲ್ಲಿ ಲಾಕ್‌ಡೌನ್ ಆದಾಗ ಕನ್ನಡದಲ್ಲೇ ಮಾತನಾಡುವ ಮಹಾಭಾರತ ಟಿ.ವಿ.ಯಲ್ಲಿ ಬಂತು. ಆಗ ಅಜ್ಜಿಗೆ ಕಣ್ಣು ಚೆನ್ನಾಗಿತ್ತು. “ಅಂತೂ ಭೀಮಗ ಕನ್ನಡ ಬಂತು” ಎಂದು ನಗುತ್ತಿದ್ದಳು. ಈಗ ಟಿ.ವಿ.ಗೆ ಕನ್ನಡ ಬರುತ್ತದೆ, ಪ್ರತಿ ಮನೆಯಲ್ಲೂ ಟಿ.ವಿ. ಇದೆ. ಆದರೆ ಅಜ್ಜಿಗೆ ಹೇಳುವವರಿಲ್ಲ.

ಕಣ್ಣಿನ ಪೊರೆ ಎಂದರೇನು?

“ಟಿ.ವಿ. ನೋಡಿ ನೋಡಿ ಮುದುಕಿ ಕಣ್ಣು ಹೋತು” ಎಂದು ಕೆಲವರು ಅನ್ನುತ್ತಾರೆ. ಇದು ತಪ್ಪು. ನಮ್ಮ ಕಣ್ಣಿನ ಪಾಪೆಯ ಹಿಂದೆ ಗಾಜಿನಂಥ ಮಸೂರ ಇದೆ. ಬೆಳಕು ಅದರ ಮೂಲಕ ಹಾದು ಒಳಗಿನ ಅಕ್ಷಿಪಟಲದ ಮೇಲೆ ಬೀಳುತ್ತದೆ. ವಯಸ್ಸಾದಂತೆ ಆ ಮಸೂರ ಮಂಜಾಗುತ್ತದೆ. ಅದೇ ಪೊರೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬಹಳ ಬಿಸಿಲು ಇವುಗಳಿಂದ ಅದು ಬೇಗ ಬರಬಹುದು. ಟಿ.ವಿ. ನೋಡಿದರೆ ಕಣ್ಣು ದಣಿಯುತ್ತದೆ, ಆದರೆ ಪೊರೆ ಬರುವುದಿಲ್ಲ. ಹನಿ ಔಷಧದಿಂದ ಪೊರೆ ಹೋಗುವುದಿಲ್ಲ. ಆಪರೇಷನ್ ಮಾಡಿ ಮಂಜಾದ ಮಸೂರ ತೆಗೆದು ಬೇರೆ ಮಸೂರ ಕೂಡಿಸುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ. ಅಜ್ಜಿಗೆ ಮಾತ್ರ ಆಪರೇಷನ್ ಅಂದರೆ ಭಯ.

ನಾನು ಮಾಡಿದ ಪ್ರಯೋಗ

ಮೂರನೇ ದಿನದಿಂದ ನಾನು ಅಜ್ಜಿಯ ಪಕ್ಕ ಕೂತು ಹೇಳತೊಡಗಿದೆ. ಮೊದಲು ಬಹಳ ಕಷ್ಟ ಆಯಿತು. ಟಿ.ವಿ.ಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರ ಓಡುತ್ತವೆ. ನಾವು ಒಂದು ಮಾತು ಹೇಳುವುದರೊಳಗೆ ಅವರು ಮನೆ ಬಿಟ್ಟು ಪೇಟೆಗೆ ಹೋಗಿರುತ್ತಾರೆ! ಎಲ್ಲವನ್ನೂ ಹೇಳಲು ಆಗುವುದಿಲ್ಲ, ಮುಖ್ಯವಾದದ್ದನ್ನು ಆರಿಸಬೇಕು. ಕನ್ನಡ ಪಾಠದಲ್ಲಿ ‘ಸಾರಾಂಶ ಬರೆಯಿರಿ’ ಎಂದರೆ ನನಗೆ ಬೇಜಾರು. ಈಗ ದಿನಾ ಸಾರಾಂಶವೇ.

ಇನ್ನೊಂದು ಗೊತ್ತಾಯಿತು. ಹೇಳಬೇಕೆಂದು ನೋಡಿದರೆ ಬಹಳ ಕಾಣುತ್ತದೆ. “ಅತ್ತೆ ಸಿಟ್ಟಾಗ್ಯಾಳ” ಎಂದೆ. “ಯಾಕ?” ಎಂದಳು ಅಜ್ಜಿ. ಆವಾಗ ಗೊತ್ತಾಯಿತು, ಆ ಸಿಟ್ಟಿಗೆ ಕಾರಣವೇ ಇರಲಿಲ್ಲ. ಅವ್ವ ಶೇಂಗಾ ಬಿಟ್ಟು ನಕ್ಕಳು.

ಭಾನುವಾರ ‘ಬಂಗಾರದ ಮನುಷ್ಯ’ ಸಿನಿಮಾ ಬಂತು. ಅದು 1972ರದ್ದು, ಸಿದ್ದಲಿಂಗಯ್ಯನವರ ನಿರ್ದೇಶನ, ಡಾ. ರಾಜಕುಮಾರ್ ಅವರ ನಟನೆ. ಬಂಜರು ನೆಲವನ್ನು ಹಸನು ಮಾಡುವ ಕಥೆ. ನಾನು ಹೇಳುತ್ತಿದ್ದರೆ ಅಪ್ಪ ನಿದ್ದೆ ಬಿಟ್ಟು, “ಹಂಗಲ್ಲ ಅದು” ಎಂದು ತಾನೇ ಹೇಳಲು ಶುರು ಮಾಡಿದ. ತಮ್ಮನೂ ಮೊಬೈಲು ಬಿಟ್ಟು ಹತ್ತಿರ ಬಂದ. ಅಪ್ಪ ನಮ್ಮ ಹೊಲದ ಬತ್ತಿಹೋದ ಬೋರಿನ ಕಥೆಯನ್ನೂ ಹೇಳಿದ. ಅದು ನನಗೆ ಗೊತ್ತೇ ಇರಲಿಲ್ಲ.

ನಮ್ಮೂರ ದೇವರು ನಾರದಮುನಿ. ಮೂರು ಲೋಕದ ಸುದ್ದಿ ತರುವವನು. ಟಿ.ವಿ.ಯೂ ಸುದ್ದಿ ತರುತ್ತದೆ, ಆದರೆ ನಾವು “ಯಾಕೆ?” ಎಂದರೆ ಉತ್ತರ ಹೇಳುವುದಿಲ್ಲ. ಅದನ್ನು ಪಕ್ಕದಲ್ಲಿ ಕೂತವರೇ ಹೇಳಬೇಕು.

ವಾರ ಮುಗಿದ ದಿನ ಅಜ್ಜಿ, “ನೀನು ಹೇಳ್ತೀಯಲ್ಲ, ನನಗ್ಯಾಕ ಆಪರೇಷನ್ನು?” ಎಂದಳು. ನನಗೆ ಖುಷಿಯೂ ಆಯಿತು, ಭಯವೂ ಆಯಿತು. “ಮುಂದಿನ ವರ್ಷ ನಾನು ಹಾಸ್ಟೆಲ್ಲಿಗೆ ಹೋದ್ರ ಯಾರು ಹೇಳ್ತಾರ?” ಎಂದೆ. ಅಜ್ಜಿ ಸುಮ್ಮನಾದಳು. ರಾತ್ರಿ ಮಲಗುವಾಗ, “ದವಾಖಾನಿಗೆ ಯಾವತ್ತು ಹೋಗೋದು, ನಿಮ್ಮಪ್ಪಗ ಕೇಳು” ಎಂದಳು. ಕೇಳಿದ್ದೇನೆ. ಮೆಕ್ಕೆಜೋಳ ಮುರಿದ ಮೇಲೆ ಹೋಗೋಣ ಎಂದಿದ್ದಾನೆ.

ನೀವೂ ಮಾಡಿರಿ

1. ಇವತ್ತು ಮನೆಯಲ್ಲಿ ಟಿ.ವಿ. ನೋಡುವಾಗ ಯಾರು ಏನು ಕೇಳಿದರು, ಯಾರು ಉತ್ತರ ಕೊಟ್ಟರು, ಎಣಿಸಿರಿ.
2. ನೋಡಿದ ಸಿನಿಮಾದ ಕಥೆಯನ್ನು ನೋಡದವರಿಗೆ ಐದು ವಾಕ್ಯದಲ್ಲಿ ಹೇಳಿರಿ.
3. ನಿಮ್ಮ ಮನೆಯ ಹಿರಿಯರಿಗೆ ಟಿ.ವಿ. ಮಸುಕಾಗಿ ಕಾಣುತ್ತದೆಯೇ ಎಂದು ಕೇಳಿರಿ. ಹೌದು ಎಂದರೆ ಮನೆಯಲ್ಲಿ ಹೇಳಿರಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು ಈ ಲೇಖನದ ಕೆಳಗೆ ಅಂಟಿಸಿರಿ. ನನ್ನ ಲೆಕ್ಕ ಮೊದಲೇ ಬರೆದಿದ್ದೇನೆ: 11ಕ್ಕೆ 2. ನಿನ್ನೆಯದು 9ಕ್ಕೆ 9.