ಕೈಸನ್ನೆ ಕಲಿಸಿದರೆ ಮಗಳಿಗೆ ಮಾತು ಬರುವುದಿಲ್ಲವೇ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಮತ್ತಿಘಟ್ಟದ ಕಡೆ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಮೂರೂವರೆ ವರ್ಷ ಆಗಿಹೋಗಿತ್ತು. ಈಗ ಎರಡೂ ಕಿವಿಗೆ ಮಷಿನ್ ಹಾಕುತ್ತಾಳೆ. ಆಯಿ, ನೀರು, ಬಾ, ಬೇಡ ಎಂಬಂಥ ಬಿಡಿ ಮಾತು ಬಿಟ್ಟರೆ ಹೆಚ್ಚು ಮಾತಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಚಂದ ಅಕ್ಷರದಲ್ಲಿ ಬರೆದುಕೊಂಡು ಬರುತ್ತಾಳೆ, ಏನು ಬರೆದೆ ಎಂದರೆ ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಅಕ್ಕೋರು ಒಳ್ಳೆಯವರು, ಆದರೆ ಒಬ್ಬರೇ ಮೂರು ಕ್ಲಾಸು ನೋಡಬೇಕು. ಕೈಸನ್ನೆ ರೂಢಿ ಮಾಡಿದರೆ ಇದ್ದ ಮಾತೂ ಹೋಗುತ್ತದೆ ಎಂದು ಅತ್ತೆಯವರು ಗದರುತ್ತಾರೆ. ದೂರದ ಊರಿನ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸಿ ಎಂದು ನೆಂಟರು ಹೇಳುತ್ತಾರೆ. ನನಗೆ ಅವಳನ್ನು ಬಿಟ್ಟಿರಲು ಮನಸ್ಸಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮತ್ತಿಘಟ್ಟ

ಉತ್ತರ: ತಂಗೀ, ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಭಯ ಮನೆಯಲ್ಲಿ ಉಳಿದರೆ ಮುಂದಿನದ್ದೊಂದೂ ಆಗುವುದಿಲ್ಲ. ಇದು ಅವರೊಬ್ಬರ ಭಯವೂ ಅಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಇದನ್ನೇ ನಂಬಿತ್ತು. ಶಾಲೆಯಲ್ಲಿ ಬಾಯಿಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಎಂದು ಠರಾವು ಮಾಡಿತ್ತು. ಲೋಕದ ಎಷ್ಟೋ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಮಕ್ಕಳ ಕೈಗೆ ತಡೆ ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಆ ಠರಾವನ್ನು ತಳ್ಳಿಹಾಕಿ, ಆದ ಹಾನಿಗೆ ವಿಷಾದ ಹೇಳಿತು. ಸನ್ನೆ ಕಲಿತ ಮಗು ಬಾಯಿ ಮುಚ್ಚಿಬಿಡುತ್ತದೆ ಎಂಬುದು ನಿಜವಲ್ಲ. ಯಾವುದಾದರೂ ಒಂದು ಭಾಷೆ ಗಟ್ಟಿಯಾಗಿ ಕೂತ ಮಗುವಿಗೆ ಎರಡನೆಯದು ಬೇಗ ಹತ್ತುತ್ತದೆ. ಮೊದಲನೆಯದು ಕಿವಿಯಿಂದ ಬಂತೋ ಕಣ್ಣಿನಿಂದ ಬಂತೋ ಎಂಬುದನ್ನು ಮಿದುಳು ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲೇ ಗೌರಿಬಿದನೂರು ತಾಲೂಕಿನಲ್ಲಿ ಅಲೀಪುರ ಎಂಬ ಊರಿದೆ. ಅಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಹಾಗಾಗಿ ಊರಿನದ್ದೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳುವ ಎಷ್ಟೋ ಜನರಿಗೂ ಅದು ಬರುತ್ತದೆ, ಅದರಿಂದ ಅವರ ಬಾಯಿಮಾತು ಕಡಿಮೆಯಾಗಿಲ್ಲ. ಅತ್ತೆಯವರಿಗೆ ಇದನ್ನು ಹೇಳಿ. ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಹೆದರಿದವರು ಅವರು. ನಾಲ್ಕು ಸನ್ನೆ ಮೊದಲು ಅವರಿಗೇ ಕಲಿಸಿದರೆ ಇನ್ನೂ ಒಳ್ಳೆಯದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಚಂದದ ಅಕ್ಷರ. ಇಂಥ ಮಗುವಿನ ಪಟ್ಟಿ ಸದಾ ನೀಟಾಗಿರುತ್ತದೆ. ಎಲ್ಲರೂ ಭೇಷ್ ಎನ್ನುತ್ತಾರೆ, ವರ್ಷ ಉರುಳುತ್ತದೆ. ಅರ್ಥ ತಿಳಿಯದೆ ಬರೆಯುವ ಮಗುವಿಗೆ ಅಕ್ಷರಗಳು ಬರೀ ಗೆರೆ. ಎಂಟು ವರ್ಷಕ್ಕೆ ಬಿಡಿ ಮಾತು ಎಂದರೆ ಅವಳ ಹತ್ತಿರ ‘ಯಾಕೆ’, ‘ನಿನ್ನೆ’, ‘ಹಾಗಾದರೆ’, ‘ನನಗೆ ಅನ್ನಿಸುತ್ತದೆ’ ಯಾವುದೂ ಇಲ್ಲ ಎಂದರ್ಥ. ಬುದ್ಧಿಗೆ ಕೊರತೆಯಿಲ್ಲ, ಆ ಬುದ್ಧಿ ಓಡಾಡಲು ಭಾಷೆ ಸಿಕ್ಕಿಲ್ಲ. ಆದ್ದರಿಂದ ‘ಅವಳು ಮಾತಾಡುತ್ತಾಳೆಯೇ’ ಎನ್ನುವ ಕಡೆಗಿರುವ ಗಮನವನ್ನು ‘ಇವತ್ತು ಆದದ್ದನ್ನು ಹೇಗಾದರೂ ನನಗೆ ತಿಳಿಸಬಲ್ಲಳೇ’ ಎನ್ನುವ ಕಡೆಗೆ ತಿರುಗಿಸಿ. ಕೈಯಲ್ಲಿ, ಬಾಯಲ್ಲಿ, ಚಿತ್ರದಲ್ಲಿ, ಹೇಗಾದರೂ ಸರಿ. ಇದು ನಿಧಾನಕ್ಕೆ ಮಾಡುವ ಕೆಲಸವಲ್ಲ, ವಯಸ್ಸು ಕಾಯುವುದಿಲ್ಲ.

ಕನ್ನಡದಲ್ಲಿ ಅವಳಿಗೆ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ನೀವೂ ಅಕ್ಕೋರೂ ತಿಳಿದಿರಬೇಕು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ‘ಪಾಲು’ ಎಂದಿರೋ ‘ಮಾಲು’ ಎಂದಿರೋ ಬಾಯಿ ನೋಡಿ ಹೇಳಲು ಆಗುವುದಿಲ್ಲ. ಕ, ಗ ಬಾಯೊಳಗೇ ಹುಟ್ಟುತ್ತವೆ, ಕಾಣುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಪದದ ಬಾಲ. ನಮ್ಮ ಭಾಷೆಯಲ್ಲಿ ಯಾರು, ಎಲ್ಲಿಗೆ, ಎಲ್ಲಿಂದ, ಯಾವಾಗ ಎಲ್ಲವೂ ಪದದ ಕೊನೆಯಲ್ಲಿರುತ್ತದೆ. ಆ ಕೊನೆಯನ್ನೇ ನಾವು ಮೆತ್ತಗೆ ನುಂಗಿ ಮಾತಾಡುತ್ತೇವೆ. ‘ತೋಟಕ್ಕೆ ಹೋದ’, ‘ತೋಟದಿಂದ ಬಂದ’ ಎರಡರಲ್ಲೂ ಅವಳಿಗೆ ದಕ್ಕುವುದು ಬರೀ ‘ತೋಟ’ ಇರಬಹುದು. ಹಾಗಾಗಿ ಈ ಬಾಲಗಳನ್ನು ಕಣ್ಣಿಗೆ ಕಾಣಿಸಬೇಕು. ‘ತೋಟ’ ಎಂದು ಒಂದು ಚೀಟಿ, ‘ಕ್ಕೆ’, ‘ದಿಂದ’, ‘ದಲ್ಲಿ’ ಎಂದು ಬೇರೆ ಬಣ್ಣದ ಚೀಟಿಗಳು. ಚೀಟಿ ಜೋಡಿಸಿ, ಅವಳನ್ನೇ ತೋಟದ ದಣಪೆಯವರೆಗೆ ನಡೆಸಿ, ವಾಪಸು ಕರೆಸಿ, ಚೀಟಿ ಬದಲಿಸಿ.

ಪಾಠಕ್ಕೆ ಪುಸ್ತಕ ಹುಡುಕಬೇಡಿ, ನಿಮ್ಮ ಮನೆಯಲ್ಲೇ ಬೇಕಾದಷ್ಟಿದೆ. ಅಡಕೆ ಕೊಯ್ಲಿನ ದಿನ ಅವಳನ್ನು ತೋಟಕ್ಕೆ ಕರೆದೊಯ್ಯಿರಿ. ಸಂಜೆ ಒಂದು ಉದ್ದ ಪಟ್ಟಿ ತೆಗೆದು ಇಬ್ಬರೂ ಕೂತು, ಅವಳು ನೋಡಿದ್ದನ್ನು ಅವಳ ಕೈಯಿಂದಲೇ ಚಿತ್ರ ಬರೆಸಿ. ಪಕ್ಕದಲ್ಲಿ ನೀವು ಬರೆಯಿರಿ: ‘ಕೊನೆಗೌಡ ಮರ ಹತ್ತಿದ. ಕೊನೆ ಹಗ್ಗದಲ್ಲಿ ಜಾರಿ ಬಂತು. ಅಪ್ಪ ಅದನ್ನು ಹಿಡಿದ.’ ಆಮೇಲೆ ಸನ್ನೆ ಸೇರಿಸಿ ಕೇಳಿ: ಹತ್ತಿದ್ದು ಯಾರು? ಕೊನೆಯನ್ನು ಮೇಲಿನಿಂದ ಹಾಗೇ ಯಾಕೆ ಬಿಸಾಡಲಿಲ್ಲ? ಆ ‘ಯಾಕೆ’ಗೆ ಅವಳು ಅಡಕೆ ಚೆಲ್ಲಾಪಿಲ್ಲಿ ಆಗುವುದನ್ನು ಕೈಯಲ್ಲಿ ಮಾಡಿ ತೋರಿಸಿದರೆ ಅದೇ ಪೂರಾ ಉತ್ತರ. ಅದನ್ನು ಕನ್ನಡದಲ್ಲಿ ಬರೆದು ಅವಳಿಗೆ ತೋರಿಸಿ. ಮಾರನೇ ದಿನ ಅದೇ ಪಟ್ಟಿ ಶಾಲೆಗೆ ಹೋಗಲಿ, ಅಕ್ಕೋರು ಓದಿಸಲಿ. ಶಾಲೆಯಲ್ಲಿ ನಡೆದದ್ದು ಅದೇ ಪಟ್ಟಿಯಲ್ಲಿ ಮನೆಗೆ ಬರಲಿ. ತಾನು ಕಂಡದ್ದನ್ನೇ ಓದುವ ಮಗುವಿಗೆ ಅಕ್ಷರದ ಅರ್ಥ ಹೊಳೆಯತೊಡಗುತ್ತದೆ. ಇನ್ನೊಂದು ಮಾತು: ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ ಅವಳು ‘ಏನು?’ ಎಂದು ನೋಡುತ್ತಾಳಲ್ಲ, ಆಗ ‘ಏನಿಲ್ಲ ಬಿಡು’ ಎನ್ನಬೇಡಿ. ನಗುವಿನ ಕಾರಣ ಆಗಲೇ, ಅಲ್ಲೇ ತಿಳಿಸಿ.

ಶಾಲೆಯ ವಿಷಯ. ಮೂರನೇ ಕ್ಲಾಸಿನವರೆಗೆ ನಲಿ-ಕಲಿ ಇರುವುದು ಅವಳಿಗೆ ಅನುಕೂಲವೇ. ಕಾರ್ಡು, ಚಿತ್ರ ಎಲ್ಲ ಕಣ್ಣಿನ ಕಲಿಕೆ. ಅಕ್ಕೋರು ಎದುರಿಗೇ ಕೂರುವ ಗುಂಪಿನಲ್ಲಿ ಅವಳನ್ನು ಹೆಚ್ಚು ಹೊತ್ತು ಇರಿಸಿಕೊಳ್ಳಲು ಕೇಳಿ. ಕಿವಿಯ ಮಷಿನ್ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ಒಳಗೆ, ಅದೂ ಗಲಾಟೆ ಇಲ್ಲದಾಗ. ನಿಮ್ಮ ಕಡೆಯ ಆಷಾಢದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿದರೆ ಕಿವಿ ಸರಿ ಇದ್ದವರಿಗೇ ಪಾಠ ಕೇಳದು. ಮಷಿನ್ ಆ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೇಲಿಂದ ಕರೆಂಟು ಹೋಗಿ ಕತ್ತಲಾದರೆ ತುಟಿಯೂ ಕಾಣದು, ಕೈಯೂ ಕಾಣದು. ಆಗ ಅವಳ ಪಾಲಿಗೆ ಶಾಲೆಯೇ ಇಲ್ಲ. ಕಿಟಕಿಯ ಬೆಳಕು ಅಕ್ಕೋರ ಮುಖದ ಮೇಲೆ ಬೀಳುವಂತೆ, ಬೆನ್ನ ಮೇಲೆ ಬೀಳದಂತೆ ಜಾಗ ಬದಲಿಸಿಕೊಳ್ಳಬೇಕು. ಚಾರ್ಜ್ ಆಗುವ ಒಂದು ಲ್ಯಾಂಪ್ ಇಟ್ಟುಕೊಳ್ಳಬೇಕು. ಬೋರ್ಡಿನ ಕಡೆ ತಿರುಗಿ ಮಾತಾಡಬಾರದು. ಬೇರೆ ಮಗು ಕೊಟ್ಟ ಉತ್ತರವನ್ನು ಇವಳ ಕಡೆ ತಿರುಗಿ ಇನ್ನೊಮ್ಮೆ ಹೇಳಬೇಕು. ಸಣ್ಣ ಶಾಲೆಯ ದೊಡ್ಡ ಲಾಭವೆಂದರೆ ಇದ್ದಷ್ಟೂ ಮಕ್ಕಳು ಸನ್ನೆ ಕಲಿಯಬಹುದು. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಮಷಿನ್ ಹಾಕಿದ್ದಾಳೆ ಎಂದರೆ ಕೇಳುತ್ತಿದೆ ಎಂದಲ್ಲ. ದಿನಾ ಬೆಳಿಗ್ಗೆ ಅವಳ ಹಿಂದೆ ನಿಂತು ಆ, ಈ, ಊ, ಮ್, ಸ್, ಶ್ ಈ ಆರು ಸದ್ದು ಒಂದೊಂದಾಗಿ ಮಾಡಿ, ಕೇಳಿದಾಗ ಕೈ ಎತ್ತಲಿ. ನಿನ್ನೆ ಕೇಳಿದ್ದು ಇವತ್ತು ಕೇಳದಿದ್ದರೆ ಬ್ಯಾಟರಿ ನೋಡಿ, ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ. ಮಳೆಗಾಲದ ತೇವ ಮಷಿನ್‌ಗೆ ದೊಡ್ಡ ಶತ್ರು. ರಾತ್ರಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಹತ್ತಿರ ಮಾತ್ರ ಬೇಡ. ಬೆಳೆಯುವ ಮಗುವಿಗೆ ಕಿವಿಯ ಅಚ್ಚು ಸಣ್ಣದಾಗುತ್ತದೆ, ಕುಂಯ್ ಎಂದು ಕೂಗತೊಡಗಿದರೆ ಹೊಸದು ಮಾಡಿಸಿ. ಪರೀಕ್ಷೆ ಮಾಡಿಸಿ ಬಹಳ ದಿನವಾಗಿದ್ದರೆ ಮತ್ತೊಮ್ಮೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ದೂರವಾದರೂ ಒಮ್ಮೆ ಹೋಗಿಬರುವುದು ಒಳ್ಳೆಯದು.

ಸನ್ನೆ ಕಲಿಯುವುದು ಎಲ್ಲಿ? ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ ಹತ್ತು ಸಾವಿರ ಪದಗಳ ವಿಡಿಯೊ ಶಬ್ದಕೋಶ ಹೊರತಂದಿದೆ, ಮೊಬೈಲಿನಲ್ಲಿ ಸಿಗುತ್ತದೆ. ಊರಲ್ಲಿ ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಶಿರಸಿ ಪೇಟೆಗೆ ಹೋದ ದಿನ ಆ ವಾರದ ಪದಗಳನ್ನು ಇಳಿಸಿಕೊಂಡು ಬನ್ನಿ. 2024ರ ಡಿಸೆಂಬರಿನಲ್ಲಿ ಶುರುವಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಪೂರ್ತಿ ಸನ್ನೆ ಭಾಷೆಗೇ ಮೀಸಲು, ಟಿವಿಯಲ್ಲೇ ನೋಡಬಹುದು. ಆದರೆ ವಿಡಿಯೊದಿಂದ ಪದ ಬರುತ್ತದೆ, ಮಾತುಕತೆ ಬರುವುದಿಲ್ಲ. ಸನ್ನೆಯಲ್ಲೇ ಬದುಕುವ ಹಿರಿಯ ಕಿವುಡರೊಬ್ಬರು ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ವಿಚಾರಿಸಿ. ಯಾರಾದರೂ ಸಿಕ್ಕರೆ ಭಾನುವಾರ ಮನೆಗೆ ಕರೆದು ಊಟ ಹಾಕಿ, ಮಗಳ ಜೊತೆ ಕೂರಿಸಿ. ದೊಡ್ಡವಳಾದ ಮೇಲೆ ತಾನು ಹೇಗಿರಬಹುದು ಎಂಬುದೂ ಅವಳಿಗೆ ಅಲ್ಲಿ ಕಾಣುತ್ತದೆ.

ಇದೆಲ್ಲ ಅಕ್ಕೋರೊಬ್ಬರ ತಲೆಯ ಮೇಲೆ ಹಾಕುವಂಥದ್ದಲ್ಲ. ಶಿರಸಿಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಶಾಲೆಗೆ ಬರುವ ದಿನ ಗೊತ್ತುಮಾಡಿಕೊಳ್ಳಿ. ಬರಹದಲ್ಲಿ ಅರ್ಜಿ ಕೊಡಿ, ಕಿವಿ ಪರೀಕ್ಷೆಯ ವರದಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಲೂ ಅದರಲ್ಲಿ ಹೇಳಿದೆ. ಇಂಗ್ಲಿಷಿನ ಭಾರ ಈಗಲೇ ಹೊರಿಸದೆ ಕನ್ನಡ ಗಟ್ಟಿ ಮಾಡಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಹಾಸ್ಟೆಲ್. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಅದೇ ಕಾಯ್ದೆ ನಿಮಗೇ ಬಿಟ್ಟಿದೆ. ಬಿಟ್ಟಿರಲಾರೆ ಎಂಬ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮನೆಯಲ್ಲೇ ಇದ್ದು ಯಾರ ಜೊತೆಗೂ ಮಾತಿಲ್ಲದೆ ಬೆಳೆಯುವುದೂ ಅವಳಿಗೆ ಸಂಕಟವೇ. ಮೇಲಿನದ್ದೆಲ್ಲ ಈ ಒಂದು ಶಾಲಾ ವರ್ಷ ಬಿಡದೆ ಮಾಡಿ. ಬೇಸಿಗೆ ರಜೆ ಬರುವಷ್ಟರಲ್ಲಿ ಶಾಲೆಯಲ್ಲಿ ನಡೆದ ಒಂದು ಜಗಳವನ್ನಾದರೂ ಮೊದಲು ಇದಾಯಿತು, ಆಮೇಲೆ ಅದಾಯಿತು ಎಂದು ಅವಳು ನಿಮಗೆ ತಿಳಿಸುವಂತಾದರೆ ಅವಳು ಇಲ್ಲೇ ಇರಲಿ. ಆಗದಿದ್ದರೆ ಕಳಿಸಲು ಹಿಂಜರಿಯಬೇಡಿ, ಅದು ಮಗಳನ್ನು ದೂರ ಮಾಡಿದಂತೆ ಆಗುವುದಿಲ್ಲ. ಕಳಿಸಿದರೂ ನೀವು ಸನ್ನೆ ಕಲಿಯುವುದನ್ನು ನಿಲ್ಲಿಸಬಾರದು. ಇಲ್ಲದಿದ್ದರೆ ರಜೆಗೆ ಬಂದಾಗ ಅವಳ ಜೊತೆ ಮಾತಾಡಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಅಂಥ ಶಾಲೆಗಳನ್ನು ಈ ವರ್ಷವೇ ನೋಡಿಟ್ಟುಕೊಳ್ಳಿ, ಹೋಗುವಾಗ ಮಗಳನ್ನೂ ಕರೆದೊಯ್ಯಿರಿ. ಕಟ್ಟಡ, ಊಟ ನೋಡಿದ ಮೇಲೆ ಮೂರನೇ ಕ್ಲಾಸಿನ ಮಗುವೊಂದಕ್ಕೆ ಹೊಸ ಪುಟ ಕೊಟ್ಟು ಅದರ ಅರ್ಥವನ್ನು ಸನ್ನೆಯಲ್ಲಿ ಹೇಳಿಸಿ ಎಂದು ಶಿಕ್ಷಕರನ್ನು ಕೇಳಿ. ಶಿಕ್ಷಕರ ಕೈ ಸರಾಗವಾಗಿ ಓಡುತ್ತದೆಯೇ ಗಮನಿಸಿ. ಆಟದ ಹೊತ್ತಿನಲ್ಲಿ ಮಗಳನ್ನು ಆ ಮಕ್ಕಳ ನಡುವೆ ಬಿಟ್ಟು ನೀವು ಸ್ವಲ್ಪ ದೂರ ಕೂತಿರಿ, ಅರ್ಧ ದಿನವಾದರೂ.