‘ಪುಟ ತಿರುಗಿಸಬೇಡ’ ಎನ್ನುವ ಪುಸ್ತಕವನ್ನು ಮಗುವಿಗೆ ಓದುವುದು ಹೇಗೆ?

ಕೆಲವು ಚಿತ್ರಪುಸ್ತಕಗಳು ಕಥೆ ಹೇಳಿ ಸುಮ್ಮನಾಗುವುದಿಲ್ಲ. ತಾವು ಪುಸ್ತಕ ಎಂಬುದು ಅವಕ್ಕೆ ಗೊತ್ತು, ಎದುರಿಗೆ ಯಾರೋ ಕೂತು ಓದುತ್ತಿದ್ದಾರೆ ಎಂಬುದೂ ಗೊತ್ತು. 1971ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಮಾನ್‌ಸ್ಟರ್ ಅಟ್ ದಿ ಎಂಡ್ ಆಫ್ ದಿಸ್ ಬುಕ್’ ಈ ಬಗೆಯಲ್ಲಿ ಬಹಳ ಹೆಸರಾದದ್ದು. ಬರೆದವರು ಜಾನ್ ಸ್ಟೋನ್, ಚಿತ್ರ ಮೈಕೆಲ್ ಸ್ಮಾಲಿನ್ ಅವರದು. ‘ಸೆಸಮಿ ಸ್ಟ್ರೀಟ್’ ಟಿ.ವಿ. ಕಾರ್ಯಕ್ರಮದ ನೀಲಿ ಬೊಂಬೆ ಗ್ರೋವರನಿಗೆ ಪುಸ್ತಕದ ಹೆಸರು ಕೇಳಿಯೇ ಜೀವ ಹಾರುತ್ತದೆ. ಕೊನೆಯಲ್ಲಿ ರಾಕ್ಷಸ ಇದ್ದಾನಂತೆ! ಪುಟ ತಿರುಗಿಸಬೇಡ ಎಂದು ಅಂಗಲಾಚುತ್ತಾನೆ, ಪುಟಗಳನ್ನು ಹಗ್ಗದಿಂದ ಬಿಗಿಯುತ್ತಾನೆ, ಹಲಗೆ ಹೊಡೆಯುತ್ತಾನೆ, ಇಟ್ಟಿಗೆ ಗೋಡೆ ಕಟ್ಟುತ್ತಾನೆ. ಮಗು ಎಲ್ಲವನ್ನೂ ಒಡೆದು ಮುಂದೆ ನುಗ್ಗುತ್ತದೆ. ಕೊನೆಯ ಪುಟದ ರಾಕ್ಷಸ ಬೇರೆ ಯಾರೂ ಅಲ್ಲ, ಗ್ರೋವರನೇ.

ಇಂಥ ಪುಸ್ತಕವನ್ನು ಮಾಮೂಲಿ ಕಥೆಯಂತೆ ಸರಸರ ಓದಿ ಮುಗಿಸಿದರೆ ಸಪ್ಪೆಯಾಗುತ್ತದೆ. ಅರ್ಧ ಪುಸ್ತಕ ಇರುವುದು ಹಾಳೆಯ ಮೇಲೆ, ಉಳಿದರ್ಧ ಓದಿ ಹೇಳುವವರು ಮತ್ತು ಕೇಳುವ ಮಗುವಿನ ನಡುವೆ. ಬೆಳಿಗ್ಗೆ ಎದ್ದಾಗಿನಿಂದ ‘ಮುಟ್ಟಬೇಡ’, ‘ಓಡಬೇಡ’ ಕೇಳುವ ಮಗುವಿಗೆ, ಬೇಡ ಎಂದದ್ದನ್ನು ಮಾಡಿದರೂ ಯಾರೂ ಬೈಯದ ಜಾಗ ಸಿಗುವುದು ಇಲ್ಲಿ. ಆ ಅಧಿಕಾರ ಮಗುವಿನ ಕೈ ತಪ್ಪದಂತೆ ಓದುವುದೇ ದೊಡ್ಡವರ ಕೆಲಸ. ಮುಂದಿನ ಎಲ್ಲ ಸಲಹೆಗಳೂ ಅದಕ್ಕಾಗಿಯೇ.

ವಯಸ್ಸು ನೋಡಿ ಆರಿಸಿ

ಎರಡು ವರ್ಷದೊಳಗಿನ ಮಗುವಿಗೆ ಪುಟ ತಿರುಗಿಸುವುದೇ ಒಂದು ಆಟ. ಗಟ್ಟಿ ರಟ್ಟಿನ ಪುಸ್ತಕ ಕೊಟ್ಟರೆ ಸಾಕು. ಮೂರರ ಹೊತ್ತಿಗೆ ಫ್ರಾನ್ಸ್‌ನ ಎರ್ವೆ ಟುಲ್ಲೆ ಅವರ ‘ಪ್ರೆಸ್ ಹಿಯರ್’ನಂಥದ್ದು ಹಿಡಿಸುತ್ತದೆ. ಫ್ರೆಂಚಿನಲ್ಲಿ ಇದು ಬಂದದ್ದು 2010ರಲ್ಲಿ. ಬಿಳಿ ಹಾಳೆಯ ಮೇಲೆ ಒಂದು ಹಳದಿ ಚುಕ್ಕಿ. ಅದನ್ನು ಒತ್ತಿ ಪುಟ ತಿರುಗಿಸಿದರೆ ಚುಕ್ಕಿ ಎರಡಾಗಿರುತ್ತದೆ. ಉಜ್ಜಿದರೆ ಬಣ್ಣ ಬದಲಾಗುತ್ತದೆ, ಪುಸ್ತಕ ಅಲ್ಲಾಡಿಸಿದರೆ ಚುಕ್ಕಿಗಳು ಚೆಲ್ಲಾಪಿಲ್ಲಿ. ಬ್ಯಾಟರಿ ಇಲ್ಲ, ಪರದೆ ಇಲ್ಲ, ಬರೀ ಕಾಗದ. ಮೊಬೈಲ್ ಉಜ್ಜಿ ಅಭ್ಯಾಸವಾದ ಮಕ್ಕಳ ಕೈಗೆ ಮೊದಲು ಕೊಡಬೇಕಾದ ಪುಸ್ತಕ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕೈದು ವರ್ಷದವರಿಗೆ ಮೊ ವಿಲೆಮ್ಸ್ ಅವರ ಪಾರಿವಾಳದ ಪುಸ್ತಕ ಬಹಳ ಇಷ್ಟ. 2003ರ ಆ ಪುಸ್ತಕದಲ್ಲಿ ಬಸ್ ಚಾಲಕ ಸ್ವಲ್ಪ ಹೊತ್ತು ಆಚೆ ಹೋಗುತ್ತ, ಪಾರಿವಾಳ ಬಸ್ ಓಡಿಸದಂತೆ ನೋಡಿಕೊಳ್ಳಲು ಓದುಗರಿಗೇ ಹೇಳಿಹೋಗುತ್ತಾನೆ. ಪಾರಿವಾಳ ಬೇಡಿಕೊಳ್ಳುತ್ತದೆ, ಪುಸಲಾಯಿಸುತ್ತದೆ, ಕೊನೆಗೆ ರಂಪ ಮಾಡುತ್ತದೆ. ಪ್ರತಿಸಲ ‘ಇಲ್ಲ’ ಎನ್ನುವ ಅಪ್ಪ ಅಮ್ಮನ ಪಾತ್ರ ಇಲ್ಲಿ ಮಗುವಿನದು.

ಡೇವಿಡ್ ವೀಸ್ನರ್ ಅವರ ‘ದಿ ಥ್ರೀ ಪಿಗ್ಸ್’ಗೆ (2001) ಮಾತ್ರ ಆತುರ ಬೇಡ. ಅಲ್ಲಿ ತೋಳ ಊದಿದ ರಭಸಕ್ಕೆ ಹಂದಿಮರಿ ಕಥೆಯಿಂದಲೇ ಹೊರಗೆ ಬೀಳುತ್ತದೆ, ಪುಟವನ್ನೇ ಮಡಚಿ ಕಾಗದದ ವಿಮಾನ ಮಾಡಿ ಹಂದಿಮರಿಗಳು ಹಾರಿಹೋಗುತ್ತವೆ. ಮೂರು ಹಂದಿಗಳ ಮೂಲ ಕಥೆ ಗೊತ್ತಿಲ್ಲದ ಮಗುವಿಗೆ ಇದರಲ್ಲಿ ಏನು ಬದಲಾಯಿತು ಎಂದೇ ತಿಳಿಯುವುದಿಲ್ಲ. ಮೊದಲು ಸಾದಾ ಕಥೆಯನ್ನು ಕೆಲವು ದಿನ ಹೇಳಿ, ಬಾಯಿಪಾಠವಾದ ಮೇಲೆ ಈ ಪುಸ್ತಕ ತೆಗೆಯಿರಿ.

ನೀವೊಬ್ಬರೇ ಒಮ್ಮೆ ಓದಿಕೊಳ್ಳಿ

ಎಲ್ಲಿ ನಿಲ್ಲಬೇಕು, ಎಲ್ಲಿ ಪಿಸುಗುಟ್ಟಬೇಕು, ಎಲ್ಲಿ ಕೂಗಬೇಕು ಎಂಬುದು ಮೊದಲೇ ಗೊತ್ತಿರಬೇಕು. ಮನೆಮಾತು ಕನ್ನಡವಾಗಿದ್ದು ಪುಸ್ತಕ ಇಂಗ್ಲಿಷಿನದಾಗಿದ್ದರೆ ಈ ತಯಾರಿ ಇನ್ನೂ ಮುಖ್ಯ. ಒಂದು ಸಾಲು ಇಂಗ್ಲಿಷ್ ಓದಿ, ಅದರ ಅರ್ಥ ಬಿಡಿಸಿ, ಮತ್ತೆ ಇನ್ನೊಂದು ಸಾಲು ಓದುವ ಕ್ರಮದಲ್ಲಿ ಆಟ ಸತ್ತುಹೋಗುತ್ತದೆ. ಇಡೀ ಪುಸ್ತಕವನ್ನು ನಿಮ್ಮ ಮನೆಯ ಕನ್ನಡದಲ್ಲೇ ಹೇಳಿ. ಪಾರಿವಾಳ ಹುಬ್ಬಳ್ಳಿಯಲ್ಲಿ ‘ಒಂದ್ ಸಲಾ ಅಷ್ಟ ಬಿಡೋ ಮಾರಾಯಾ’ ಎನ್ನಲಿ, ಮೈಸೂರಿನಲ್ಲಿ ‘ಒಂದೇ ಒಂದ್ಸಲ, ಪ್ಲೀಸ್ ಕಣೋ’ ಎನ್ನಲಿ. ಬಿ.ಜೆ. ನೊವಾಕ್ ಅವರ ಚಿತ್ರಗಳೇ ಇಲ್ಲದ ಪುಸ್ತಕ (2014) ಓದುವವರಿಗೆ ಒಂದು ನಿಯಮ ಹಾಕುತ್ತದೆ: ಏನೇ ಬರೆದಿದ್ದರೂ ಗಟ್ಟಿಯಾಗಿ ಓದಲೇಬೇಕು. ಅಲ್ಲಿನ ಇಂಗ್ಲಿಷ್ ಹುಚ್ಚುಪದಗಳ ಬದಲು ನಿಮ್ಮದೇ ಗುಳುಗುಳು, ಢುಮ್ಕಿ ಪದಗಳನ್ನು ಹಾಕಿಕೊಳ್ಳಿ. ಇದನ್ನು ತಾತನ ಕೈಯಲ್ಲಿ ಓದಿಸಿದರೆ ಮಕ್ಕಳ ಸಂತೋಷ ಹೇಳತೀರದು.

ಓದಲು ಸಂಕೋಚವಾಗುವವರು ಮಾತಿಲ್ಲದ ಪುಸ್ತಕದಿಂದ ಆರಂಭಿಸಿ. ದಕ್ಷಿಣ ಕೊರಿಯಾದ ಸೂಜಿ ಲೀ ಅವರ ‘ವೇವ್’ನಲ್ಲಿ (2008) ಎಡಪುಟದಲ್ಲಿ ಹುಡುಗಿ, ಬಲಪುಟದಲ್ಲಿ ಕಡಲು. ನಡುವೆ ಪುಸ್ತಕದ ಮಡಿಕೆಯೇ ಗೋಡೆ. ಅಲೆ ಆ ಮಡಿಕೆ ದಾಟುವುದಿಲ್ಲ, ಆಮೇಲೆ ದಾಟುತ್ತದೆ! ನಡುವಿನ ಗೆರೆಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿರಿ, ಕಥೆಯನ್ನು ಮಗುವೇ ಹೇಳುತ್ತದೆ. ಸೂಜಿ ಲೀ ಅವರಿಗೆ 2022ರಲ್ಲಿ ಚಿತ್ರಕಲೆಗಾಗಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಪುಟ ಮಗುವಿನ ಕೈಯಲ್ಲಿರಲಿ

ಮಗುವನ್ನು ಮಡಿಲಲ್ಲೋ ಪಕ್ಕದಲ್ಲೋ ಕೂರಿಸಿಕೊಂಡು, ಪುಸ್ತಕದ ಬಲ ಅಂಚು ಅದರ ಕೈಗೆ ಸಿಗುವಂತೆ ಹಿಡಿಯಿರಿ. ಗ್ರೋವರ್ ‘ಬೇಡ’ ಎಂದಾಗ ಓದು ನಿಲ್ಲಿಸಿ, ಮಗುವಿನ ಮುಖ ನೋಡಿ. ‘ತಿರುಗಿಸು, ತಿರುಗಿಸು’ ಎಂದು ಅವಸರ ಮಾಡಬೇಡಿ. ಮಗು ಪುಟದ ಅಂಚು ಹಿಡಿದು, ನಿಮ್ಮನ್ನು ನೋಡಿ, ತುಟಿ ಕಚ್ಚಿ ಯೋಚಿಸುವ ಆ ಗಳಿಗೆಯೇ ಪುಸ್ತಕದ ಜೀವಾಳ. ತಿರುಗಿಸಿದ ಮೇಲೆ ‘ಅಯ್ಯಯ್ಯೋ, ತಿರುಗಿಸೇಬಿಟ್ಯಾ!’ ಎಂದು ಪೂರ್ತಿ ಗಾಬರಿ ಬೀಳಿ. ದೊಡ್ಡವರು ಅರೆಮನಸ್ಸಿನಿಂದ ಮಾಡುವ ನಟನೆಯನ್ನು ಮಕ್ಕಳು ತಕ್ಷಣ ಕಂಡುಹಿಡಿಯುತ್ತಾರೆ. ಯಕ್ಷಗಾನದಲ್ಲಿ ಭಾಗವತರು ರಂಗಕ್ಕೆ ಬಂದ ವೇಷವನ್ನು ಮಾತಾಡಿಸುವಾಗ ಆಟದ ಒಳಗೂ ಇರುತ್ತಾರೆ, ಹೊರಗೂ ಇರುತ್ತಾರೆ. ಓದಿ ಹೇಳುವವರೂ ಹಾಗೆಯೇ ಇರಬೇಕು.

‘ಪ್ರೆಸ್ ಹಿಯರ್’ ಓದುವಾಗ ಮಗು ಚುಕ್ಕಿ ಒತ್ತುವ ಮೊದಲು ಪುಟ ಹೊರಳಬಾರದು. ‘ಒತ್ತದಿದ್ದರೂ ಎರಡು ಚುಕ್ಕಿ ಬಂದೇ ಬರುತ್ತೆ, ಮೊದಲೇ ಅಚ್ಚು ಹಾಕಿದ್ದಾರೆ’ ಎಂದು ನೀವಾಗಿ ಗುಟ್ಟು ಒಡೆಯಬೇಡಿ. ಮಗು ತಾನೇ ಒಂದು ದಿನ ಒತ್ತದೆ ಪುಟ ತಿರುಗಿಸಿ ಪರೀಕ್ಷಿಸುತ್ತದೆ. ಪುಸ್ತಕವನ್ನು ಯಾರೋ ಮಾಡಿದ್ದಾರೆ, ಪುಟಗಳಿಗೆ ಒಂದು ಕ್ರಮವಿದೆ ಎಂಬ ತಿಳಿವಳಿಕೆ ಹುಟ್ಟುವುದೇ ಅಲ್ಲಿ. ಆ ದಿನದವರೆಗೆ ಕಾಯುವುದು ಮೇಲು.

ಪಾಠ ಮಾಡಬೇಡಿ

‘ಇದು ಯಾವ ಬಣ್ಣ? ಎಷ್ಟು ಚುಕ್ಕಿ? ಸ್ಪೆಲಿಂಗ್ ಹೇಳು’ ಎಂದು ಕೇಳತೊಡಗಿದರೆ ಪುಸ್ತಕ ಪರೀಕ್ಷೆಯಾಗುತ್ತದೆ. ಕೇಳುವುದಾದರೆ ಉತ್ತರ ನಿಮಗೂ ಗೊತ್ತಿಲ್ಲದ ಪ್ರಶ್ನೆ ಕೇಳಿ: ‘ಪಾರಿವಾಳಕ್ಕೆ ಬಸ್ಸೇ ಯಾಕೆ ಬೇಕಂತೆ?’, ‘ನೀನಾಗಿದ್ರೆ ಗೋಡೆ ಬದಲು ಏನು ಅಡ್ಡ ಇಡ್ತಿದ್ದೆ?’. ಅಮೆರಿಕದ ಮನೋವಿಜ್ಞಾನಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು–ಮೂರು ವರ್ಷದ ಮಕ್ಕಳ ತಂದೆತಾಯಿಗೆ ಬರೀ ಓದುವ ಬದಲು ಮುಕ್ತ ಪ್ರಶ್ನೆ ಕೇಳಿ ಮಗುವಿನ ಮಾತನ್ನು ಬೆಳೆಸುತ್ತ ಹೋಗಲು ಕಲಿಸಲಾಯಿತು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಮಾಮೂಲಿ ಓದು ಕೇಳಿದ ಮಕ್ಕಳಿಗಿಂತ ಮುಂದಿತ್ತು. ಓದುಗರ ಜೊತೆ ತಾನೇ ಮಾತಿಗಿಳಿಯುವ ಪುಸ್ತಕ ಈ ಕ್ರಮಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಪುಟಕ್ಕೆ ಒಂದೇ ಪ್ರಶ್ನೆ ಸಾಕು.

ಹೆದರಿದರೆ, ಬೇಡವೆಂದರೆ

ಕೆಲವು ಮಕ್ಕಳಿಗೆ ಗ್ರೋವರನ ಭಯ ನಿಜವಾಗಿಯೇ ತಟ್ಟುತ್ತದೆ. ಮಗು ಪುಸ್ತಕ ಮುಚ್ಚಿದರೆ ಮುಚ್ಚಲಿ, ‘ಏನೂ ಆಗಲ್ಲ, ನೋಡು’ ಎಂದು ಬಲವಂತ ಬೇಡ. ಮರುದಿನ ಹಗಲಿನಲ್ಲಿ ಕೊನೆಯ ಪುಟವನ್ನೇ ಮೊದಲು ತೋರಿಸಿ. ರಾಕ್ಷಸ ಯಾರೆಂದು ತಿಳಿದ ಮಗು ಆಮೇಲೆ ಗ್ರೋವರನಿಗೇ ಧೈರ್ಯ ಹೇಳುತ್ತ ಓದಿಸಿಕೊಳ್ಳುತ್ತದೆ. ಗುಟ್ಟು ತಿಳಿದರೂ ರುಚಿ ಕೆಡುವುದಿಲ್ಲ. ‘ಇನ್ನೊಂದ್ಸಲ’ ಎಂದು ಮಕ್ಕಳು ಕೇಳುವುದು ತಮಗೆ ಮೊದಲೇ ಗೊತ್ತು ಎಂಬ ಖುಷಿಗಾಗಿ.

ಅಂಗನವಾಡಿ, ನಲಿಕಲಿ ತರಗತಿಗಳಲ್ಲಿ ಇಪ್ಪತ್ತು ಮಕ್ಕಳಿಗೆ ಒಂದೇ ಪುಸ್ತಕವಿದ್ದರೆ ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಪುಸ್ತಕವನ್ನು ಎದೆಯ ಮಟ್ಟದಲ್ಲಿ ಮಕ್ಕಳ ಕಡೆಗೆ ಹಿಡಿಯಿರಿ. ಒಬ್ಬರು ಚುಕ್ಕಿ ಒತ್ತಲಿ, ಉಳಿದವರು ಗಾಳಿಯಲ್ಲಿ ಒತ್ತಲಿ. ‘ಇಲ್ಲ’ ಎನ್ನುವ ಜಾಗಕ್ಕೆ ಎಲ್ಲರ ದನಿಯೂ ಸೇರಲಿ.

ಮನೆಯಲ್ಲೇ ಒಂದು ಪುಸ್ತಕ ಮಾಡಿ

ಎರಡು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಪಿನ್ ಹೊಡೆದರೆ ಎಂಟು ಪುಟದ ಪುಸ್ತಕ. ಮೊದಲ ಪುಟ ರಕ್ಷಾಪುಟ. ಕಾಗಕ್ಕ–ಗುಬ್ಬಕ್ಕನ ಕಥೆ ತೆಗೆದುಕೊಳ್ಳಿ, ಅದು ಮಕ್ಕಳಿಗೆ ಗೊತ್ತಿರುವುದೇ. ಮಳೆಗೆ ಮನೆ ಕರಗಿದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಇಲ್ಲಿ ಅವಳು ತಟ್ಟುವುದು ಓದುಗರ ಬಾಗಿಲು. ಒಂದು ಪುಟದಲ್ಲಿ ಕಾಗದವನ್ನೇ ಮೂರು ಬದಿ ಕತ್ತರಿಸಿ ತೆರೆಯುವ ಬಾಗಿಲು ಮಾಡಿ. ಇನ್ನೊಂದರಲ್ಲಿ ಪುಸ್ತಕ ಅಲ್ಲಾಡಿಸಿ ಮಳೆ ನಿಲ್ಲಿಸಲು ಕಾಗಕ್ಕ ಬೇಡಿಕೊಳ್ಳಲಿ. ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಚಿತ್ರವೂ ಅದೇ ಬಿಡಿಸಲಿ. ರಕ್ಷಾಪುಟದಲ್ಲಿ ಮಗುವಿನ ಹೆಸರು ಇರಲೇಬೇಕು.

ಎಲ್ಲಿ ಸಿಗುತ್ತದೆ?

ಮೇಲೆ ಹೇಳಿದ ವಿದೇಶಿ ಪುಸ್ತಕಗಳಿಗೆ ಬೆಲೆ ಹೆಚ್ಚು. ಕೊಳ್ಳುವ ಮೊದಲು ಶಾಲೆಯ ಇಲ್ಲವೇ ಹತ್ತಿರದ ಮಕ್ಕಳ ಗ್ರಂಥಾಲಯದಲ್ಲಿ ವಿಚಾರಿಸಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆಯೇ ನೋಡಿ, ಇಲ್ಲದಿದ್ದರೆ ತರಿಸಲು ಕೇಳಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು, ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತಂದು ಅಲ್ಲಿ ಹಾಕಲೂಬಹುದು. ಬರೆಯುವ, ಚಿತ್ರ ಬಿಡಿಸುವ ಅಭ್ಯಾಸವಿರುವವರು ದಯವಿಟ್ಟು ಈ ಕೆಲಸಕ್ಕೆ ಕೈಹಾಕಿ. ಮಗುವಿನ ಜೊತೆ ಕನ್ನಡದಲ್ಲೇ ವಾದಕ್ಕಿಳಿಯುವ ಪುಸ್ತಕಗಳು ನಮಗೆ ಇನ್ನೂ ಬಹಳ ಬೇಕು.