ಹಳೇ ಡೆಸ್ಕ್‌ಟಾಪ್‌ಗೆ ವೈಫೈ ಕಾರ್ಡ್ ಹಾಕಿಯೂ ಸಿಗ್ನಲ್ ಬರುತ್ತಿಲ್ಲವೇ? ಹಂತ ಹಂತವಾಗಿ ಹೀಗೆ ಹುಡುಕಿ

ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರುಗಳಲ್ಲಿ ಹತ್ತು-ಹದಿನೈದು ವರ್ಷದ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತವೆ. ಪಹಣಿ ತೆಗೆಯಲು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು, ಮಕ್ಕಳ ಸ್ಕಾಲರ್‌ಶಿಪ್ ಫಾರ್ಮ್ ತುಂಬಲು ಅವು ಧಾರಾಳ ಸಾಕು. ಫೈಬರ್ ಬಂತು, ರೂಟರ್ ಪಡಸಾಲೆಯಲ್ಲಿ ಕೂತಿತು, ಒಳಕೋಣೆಯವರೆಗೆ ವೈರ್ ಎಳೆಯುವುದು ಬೇಡವೆಂದು ನೀವು ವೈಫೈ ಕಾರ್ಡ್ ತಂದು ಹಾಕಿದಿರಿ. ಆದರೆ ಸಿಗ್ನಲ್ ಇಲ್ಲ.

ಭಯಪಡಬೇಡಿ. ಕಾರ್ಡೇ ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ. ಕಂಪ್ಯೂಟರಿಗೆ ಕಾರ್ಡ್ ಕಾಣುತ್ತಿದೆಯೇ? ಕಾರ್ಡಿಗೆ ರೂಟರ್ ಕಾಣುತ್ತಿದೆಯೇ? ಎರಡೂ ಸೇರಿದ ಮೇಲೆ ವೆಬ್‌ಸೈಟ್ ತೆರೆಯುತ್ತಿದೆಯೇ? ಇದೇ ಕ್ರಮದಲ್ಲಿ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ.

ಬೇಕಾಗುವ ಸಾಮಾನು: ಸ್ಟಾರ್ ಸ್ಕ್ರೂ ಡ್ರೈವರ್, ಮೆತ್ತನೆಯ ಒಣ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ಆಂಡ್ರಾಯ್ಡ್ ಮೊಬೈಲು ಮತ್ತು ಅದರ ಯುಎಸ್‌ಬಿ ಕೇಬಲ್.

ಭಾಗ 1: ಕಂಪ್ಯೂಟರಿಗೆ ಕಾರ್ಡ್ ಕಾಣುತ್ತಿದೆಯೇ?

ಹಂತ 1. ಡಿವೈಸ್ ಮ್ಯಾನೇಜರ್ ತೆರೆಯಿರಿ.
ವಿಂಡೋಸ್ 10ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಈ ಹೆಸರು ಸಿಗುತ್ತದೆ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಅಥವಾ ವೈರ್‌ಲೆಸ್ ಎಂಬ ಹೆಸರಿದ್ದರೆ ನೇರ ಹಂತ 10ಕ್ಕೆ ಹೋಗಿ. ‘ಅದರ್ ಡಿವೈಸಸ್’ ಕೆಳಗೆ ಹಳದಿ ಗುರುತಿನ ‘ನೆಟ್‌ವರ್ಕ್ ಕಂಟ್ರೋಲರ್’ ಕಂಡರೆ ಡ್ರೈವರ್ ಇಲ್ಲವೆಂದರ್ಥ. ಹಂತ 7ಕ್ಕೆ ಹೋಗಿ. ಎರಡೂ ಇಲ್ಲದಿದ್ದರೆ ಕ್ಯಾಬಿನೆಟ್ ಬಿಚ್ಚೋಣ.

ಹಂತ 2. ಕರೆಂಟ್ ಪೂರ್ತಿ ತೆಗೆಯಿರಿ.
ಶಟ್‌ಡೌನ್ ಮಾಡಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ.
ಎಚ್ಚರ: ನಮ್ಮ ಕಡೆಯ ಒಣಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಸುಲಭವಾಗಿ ಸೇರುತ್ತದೆ. ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಬರಿಗೈಯಲ್ಲಿ ಮುಟ್ಟಿ.

ಹಂತ 3. ಕಾರ್ಡನ್ನು ತೆಗೆದು ಹೆಸರು ಓದಿ.
ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಕಾರ್ಡನ್ನು ಕ್ಯಾಬಿನೆಟ್‌ಗೆ ಹಿಡಿದಿಟ್ಟ ಪಟ್ಟಿಯ ಸ್ಕ್ರೂ ಬಿಚ್ಚಿ, ಕಾರ್ಡಿನ ಎರಡೂ ಅಂಚು ಹಿಡಿದು ನೆಟ್ಟಗೆ ಮೇಲಕ್ಕೆತ್ತಿ. ಈಗಿನ ಎಷ್ಟೋ ಕಾರ್ಡ್‌ಗಳಲ್ಲಿ ಒಂದು ಸಣ್ಣ ಎಂ.2 ಮಾಡ್ಯೂಲನ್ನು ಅಡಾಪ್ಟರ್ ಮೇಲೆ ಕೂರಿಸಿರುತ್ತಾರೆ. ಮಾಡ್ಯೂಲ್ ಮೇಲೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ಎಂದಿದ್ದರೆ ಸರಿ.
ಎಚ್ಚರ: ಎಎಕ್ಸ್201 ಅಥವಾ ಎಎಕ್ಸ್211 ಎಂದಿದ್ದರೆ ಅದು ನಿಮ್ಮ ಯಂತ್ರದಲ್ಲಿ ನಡೆಯುವುದಿಲ್ಲ. ಆ ಕಾರ್ಡಿನ ಅರ್ಧ ಕೆಲಸವನ್ನು ಇಂಟೆಲ್‌ನ ಹೊಸ ಚಿಪ್‌ಸೆಟ್‌ಗಳೇ ಮಾಡಬೇಕು. ಹಳೇ ಬೋರ್ಡಿನಲ್ಲಿ ಆ ವ್ಯವಸ್ಥೆ ಇಲ್ಲ. ಅಂಗಡಿಗೆ ಮರಳಿಸಿ ಬೇರೆ ತನ್ನಿ.

ಹಂತ 4. ತಾಮ್ರದ ಹಲ್ಲು ಒರೆಸಿ.
ಜೋಳದ ರಾಶಿಯ ಕಾಲಕ್ಕೆ ಎದ್ದ ಧೂಳು ಕ್ಯಾಬಿನೆಟ್ ಒಳಗೂ ಇಳಿದಿರುತ್ತದೆ. ಕಾರ್ಡಿನ ಕೆಳಅಂಚಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ರಬ್ಬರನ್ನು ಮೆಲ್ಲಗೆ ಉಜ್ಜಿ, ಉದುರಿದ ಪುಡಿ ಝಾಡಿಸಿ. ಸ್ಲಾಟಿನ ಒಳಗೆ ಒಣ ಬ್ರಷ್ ಆಡಿಸಿ.
ಎಚ್ಚರ: ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ಹಂತ 5. ಸರಿಯಾದ ಸ್ಲಾಟಿನಲ್ಲಿ ಒತ್ತಿ ಕೂರಿಸಿ.
ಹಳೇ ಬೋರ್ಡಿನಲ್ಲಿ ಸುಮಾರು 8.5 ಸೆಂ.ಮೀ. ಉದ್ದದ, ಸಾಮಾನ್ಯವಾಗಿ ಬಿಳಿ ಬಣ್ಣದ ಪಿಸಿಐ ಸ್ಲಾಟ್ ಇರುತ್ತದೆ. ಹೊಸ ಕಾರ್ಡ್ ಅದಕ್ಕಲ್ಲ. ಅದಕ್ಕೆ ಬೇಕಾದದ್ದು ಸುಮಾರು 2.5 ಸೆಂ.ಮೀ. ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್. ಎರಡೂ ತುದಿಗೆ ಸಮನಾಗಿ ಒತ್ತಿ, ಹಲ್ಲುಗಳು ಪೂರ್ತಿ ಒಳಗಿಳಿಯಬೇಕು. ಆಮೇಲೆ ಸ್ಕ್ರೂ ಬಿಗಿಯಿರಿ.
ಎಚ್ಚರ: ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಸ್ಕ್ರೂ ಬಿಗಿದಾಗ ಪಟ್ಟಿ ಎಳೆದು ಕಾರ್ಡಿನ ಹಿಂದಿನ ತುದಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಬಿಗಿದ ಮೇಲೆ ಬಗ್ಗಿ ಇನ್ನೊಮ್ಮೆ ನೋಡಿ. ಆಮೇಲೆ ಪ್ಲಗ್ ಹಾಕಿ, ಕಂಪ್ಯೂಟರ್ ಆನ್ ಮಾಡಿ, ಹಂತ 1ರಂತೆ ಮತ್ತೆ ಪರೀಕ್ಷಿಸಿ.

ಹಂತ 6. ಇನ್ನೂ ಕಾಣದಿದ್ದರೆ ಸ್ಲಾಟ್ ಬದಲಿಸಿ.
ಮತ್ತೆ ಪ್ಲಗ್ ಕಿತ್ತು, ಇನ್ನೊಂದು ಎಕ್ಸ್1 ಸ್ಲಾಟಿಗೆ ಹಾಕಿ. ಅದು ಇಲ್ಲದಿದ್ದರೆ, ಗ್ರಾಫಿಕ್ಸ್ ಕಾರ್ಡಿನ ಉದ್ದ ಎಕ್ಸ್16 ಸ್ಲಾಟ್ ಖಾಲಿಯಿದ್ದರೆ ಅದರಲ್ಲೂ ಈ ಸಣ್ಣ ಕಾರ್ಡ್ ಕೂರುತ್ತದೆ. ಎಲ್ಲೂ ಕಾಣದಿದ್ದರೆ ಕಾರ್ಡನ್ನು ಗೆಳೆಯರ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ಮಾತ್ರ ಕಾರ್ಡ್ ಕೆಟ್ಟಿದೆ ಎನ್ನಿ.

ಭಾಗ 2: ಡ್ರೈವರ್

ಹಂತ 7. ಮೊಬೈಲಿನಿಂದ ಇಂಟರ್‌ನೆಟ್ ಕೊಡಿ.
ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು. ಇಲ್ಲಿಗೆ ಬಂದು ಕೈಚೆಲ್ಲಬೇಡಿ. ಮೊಬೈಲನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ವಿಭಾಗದೊಳಗಿನ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ವೈಫೈ ಕಾರ್ಡ್ ಇಲ್ಲದೆಯೇ ಇಂಟರ್‌ನೆಟ್ ಬರುತ್ತದೆ.

ಹಂತ 8. ಚಿಪ್ ಯಾರದು ಎಂದು ತಿಳಿಯಿರಿ.
ಹಳದಿ ಗುರುತಿನ ಹೆಸರಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಡೀಟೇಲ್ಸ್’, ಅಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ವಿಇಎನ್ ಅಕ್ಷರಗಳ ಮುಂದಿನ ಸಂಖ್ಯೆ ನೋಡಿ. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಅಥೆರೋಸ್. ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ಡ್ರೈವರ್ ಈ ಚಿಪ್‌ಗೆ ಹೊಂದಬೇಕು.

ಹಂತ 9. ನಿಮ್ಮ ವಿಂಡೋಸ್‌ಗೆ ಹೊಂದುವ ಡ್ರೈವರ್ ಹಾಕಿ.
ಕಾರ್ಡ್ ಅಥವಾ ಚಿಪ್ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿ. ಹಾಕಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.
ಎಚ್ಚರ: ಎಎಕ್ಸ್200ಕ್ಕೆ 64-ಬಿಟ್ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದೇ ಬೇಕು, ವಿಂಡೋಸ್ 7ಕ್ಕೆ ಇಂಟೆಲ್ ಅದರ ಡ್ರೈವರ್ ಕೊಟ್ಟಿಲ್ಲ. ವಿಂಡೋಸ್ 7ರಲ್ಲೇ ಇರಬೇಕೆಂದರೆ ಇಂಟೆಲ್ 7260ರಂಥ ಹಳೇ ತಲೆಮಾರಿನ ಕಾರ್ಡ್ ತನ್ನಿ. ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ.

ಭಾಗ 3: ಕಾರ್ಡಿಗೆ ರೂಟರ್ ಕಾಣುತ್ತಿದೆಯೇ?

ಹಂತ 10. ವೈಫೈ ಸರ್ವಿಸ್ ನೋಡಿ.
ಕಾರ್ಡಿನ ಹೆಸರಿದೆ, ಆದರೆ ವೈಫೈ ಬಟನ್ ಇಲ್ಲವೇ? ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಹುಡುಕಿ ತೆರೆಯಿರಿ. ‘ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್’ ಎಂಬುದನ್ನು ಸ್ಟಾರ್ಟ್ ಮಾಡಿ, ‘ಆಟೋಮ್ಯಾಟಿಕ್’ ಎಂದು ಇಡಿ.

ಹಂತ 11. ಆಂಟೆನಾ ಬಿಗಿಯಿರಿ.
ಎರಡೂ ಆಂಟೆನಾಗಳನ್ನು ಬೆರಳಿನಿಂದಲೇ ತಿರುಗಿಸಿ ಬಿಗಿಯಿರಿ, ಇಕ್ಕಳ ಬೇಡ. ಆಂಟೆನಾ ಇಲ್ಲದ ಕಾರ್ಡಿಗೆ ರೂಟರ್ ಪಕ್ಕದಲ್ಲಿದ್ದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಕ್ಯಾಬಿನೆಟ್ ಹಿಂಭಾಗ ಗೋಡೆಗೆ ಒತ್ತಿಕೊಂಡಿದ್ದರೆ ಕಬ್ಬಿಣದ ಡಬ್ಬಿಯೇ ಸಿಗ್ನಲ್‌ಗೆ ಅಡ್ಡ. ವೈರ್ ಇರುವ ಆಂಟೆನಾ ತಂದು ಮೇಜಿನ ಮೇಲಿಡಿ.

ಹಂತ 12. 2.4 ಗಿಗಾಹರ್ಟ್ಸ್‌ನಲ್ಲಿ ಮೊದಲು ಸೇರಿ.
ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಯಲ್ಲಿ 5 ಗಿಗಾಹರ್ಟ್ಸ್ ಒಳಕೋಣೆ ಮುಟ್ಟುವಷ್ಟರಲ್ಲಿ ಸೋಲುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ. ಅದರ ಹೆಸರೂ ಕಾಣದಿದ್ದರೆ ರೂಟರ್ ಚಾನೆಲ್ಲನ್ನು 1, 6 ಅಥವಾ 11ಕ್ಕೆ ಇಡಿ. ಬೇರೆ ದೇಶಕ್ಕೆಂದು ತಯಾರಾದ ಕೆಲ ಕಾರ್ಡ್‌ಗಳಿಗೆ 12, 13 ಕಾಣುವುದಿಲ್ಲ. ಹೊಸ ವೈಫೈ 6 ರೂಟರ್ ಇದ್ದು ಕಾರ್ಡ್ ಹಳೇ ಇಂಟೆಲ್‌ದಾಗಿದ್ದರೆ ಡ್ರೈವರ್ ಅಪ್‌ಡೇಟ್ ಮಾಡಿ. ಹಳೇ ಡ್ರೈವರ್‌ಗೆ ಅಂಥ ರೂಟರಿನ ಹೆಸರೇ ಕಾಣದಿರುವುದುಂಟು.

ಹಂತ 13. ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ಭದ್ರತೆ ಬದಲಿಸಿ.
ರೂಟರಿನಲ್ಲಿ ಬರೀ ಡಬ್ಲ್ಯುಪಿಎ3 ಇದ್ದರೆ ಹಳೇ ಕಾರ್ಡಿಗೆ ಅದು ಬಾರದು. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎರಡೂ ಇರುವ ಆಯ್ಕೆ ಇಡಿ.

ಭಾಗ 4: ಸೇರಿತು, ಆದರೂ ತೊಂದರೆ

ಹಂತ 14. ತಾರೀಖು ನೋಡಿ.
ವೈಫೈ ಇದೆ, ಸೇವಾ ಸಿಂಧು ಮಾತ್ರ ‘ಸುರಕ್ಷಿತವಲ್ಲ’ ಎನ್ನುತ್ತಿದೆ. ಮೂಲೆಯ ಗಡಿಯಾರ ನೋಡಿ. ಹಳೇ ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ತಾರೀಖು ಸರಿಮಾಡಿ, ಹೊಸ ಸೆಲ್ ಹಾಕಿ.

ಹಂತ 15. ನಡುನಡುವೆ ಕಡಿಯುತ್ತಿದ್ದರೆ ಪವರ್ ಉಳಿತಾಯ ತೆಗೆಯಿರಿ.
ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ‘ಪ್ರಾಪರ್ಟೀಸ್’, ‘ಪವರ್ ಮ್ಯಾನೇಜ್‌ಮೆಂಟ್’ ತೆರೆದು, ವಿದ್ಯುತ್ ಉಳಿಸಲು ಈ ಡಿವೈಸನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಆಂಟೆನಾ ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದ್ದರೆ ದೂರ ಸರಿಸಿ, ಅದು 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಕೆಡಿಸುತ್ತದೆ.

ಹಂತ 16. ಬ್ಲೂಟೂತ್ ಬೇಕಿದ್ದರೆ ಸಣ್ಣ ಕೇಬಲ್ ಹಾಕಿ.
ವೈಫೈ ಸ್ಲಾಟಿನಿಂದ ನಡೆಯುತ್ತದೆ, ಬ್ಲೂಟೂತ್‌ಗೆ ಮಾತ್ರ ಬೇರೆ ಯುಎಸ್‌ಬಿ ಕೇಬಲ್. ಅದನ್ನು ಬೋರ್ಡಿನಲ್ಲಿ ‘ಎಫ್ ಯುಎಸ್‌ಬಿ’ ಎಂಬಂಥ ಹೆಸರಿನ, ಒಂಬತ್ತು ಕಡ್ಡಿಗಳ ಜಾಗಕ್ಕೆ ಚುಚ್ಚಿ. ಪ್ಲಗ್ ಕಿತ್ತಮೇಲೆಯೇ ಮಾಡಿ. ಕಡ್ಡಿಯಿಲ್ಲದ ಮೂಲೆ ಹೊಂದದಿದ್ದರೆ ಬಲವಂತ ಬೇಡ.

ಹಂತ 17. ಬರೆದಿಡಿ.
ಚಿಪ್‌ನ ಹೆಸರು, ಡ್ರೈವರ್ ಆವೃತ್ತಿ, ಯಾವ ಹಂತದಲ್ಲಿ ಸರಿಹೋಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಹೊರಗೆ ಅಂಟಿಸಿ. ಡ್ರೈವರ್ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿ.

ವೇಗ ಸಾಲದೇನೋ ಎಂಬ ಚಿಂತೆ ಬೇಡ. ಅತಿ ಹಳೇ ಎಕ್ಸ್1 ಸ್ಲಾಟ್ ಕೂಡ ಸೆಕೆಂಡಿಗೆ 250 ಮೆಗಾಬೈಟ್ ಸಾಗಿಸಬಲ್ಲದು. 100 ಎಂಬಿಪಿಎಸ್ ಫೈಬರ್‌ಗೆ ಬೇಕಾದದ್ದು ಸುಮಾರು 12.5 ಮೆಗಾಬೈಟ್ ಮಾತ್ರ. ಎಲ್ಲ ಹಂತ ಮುಗಿಸಿಯೂ ಬರದಿದ್ದರೆ ಸಿಂದಗಿಯ ಅಂಗಡಿಗೆ ಹೋಗಿ, ಆದರೆ ‘ವೈಫೈ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಕಾಣುತ್ತದೆ, ಡ್ರೈವರ್ ಹಾಕಿದ್ದೇನೆ, ರೂಟರ್ ಹೆಸರು ಮಾತ್ರ ಕಾಣುತ್ತಿಲ್ಲ’ ಎಂದು ಹೇಳಿ. ಅಷ್ಟು ಹೇಳಿದರೆ ರಿಪೇರಿಯವರು ನೇರ ಅಲ್ಲಿಗೇ ಕೈಹಾಕುತ್ತಾರೆ. ನಿಮ್ಮ ಸಮಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.